ಮಾವನವರನ್ನು ನುಂಗಿದ ಮಂಚ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮಾವನವರ ಮಂಚ ಬಾಯಿ ತೆರೆಯಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಇಳಕಲ್ಲಿನ ಮಾವನ ಮನೆಯಲ್ಲಿ ಹೋಳಿಗೆ ಊಟ ಮುಗಿದಿತ್ತು. ಉಂಡ ಕೂಡಲೇ ಅಡ್ಡಾಗುವ ಅಳಿಯನಿಗೆ ಎಲ್ಲ ಕಡೆಯೂ ಮರ್ಯಾದೆ ಕಡಿಮೆ. ಅರ್ಧ ತಾಸಾದರೂ ಕಣ್ಣು ತೆರೆದುಕೊಂಡು ಬಿಸಿಲು, ನೂಲು, ಬಸ್ಸು ಎಂದು ಏನಾದರೂ ಮಾತಾಡಬೇಕು. ಮೂರೂಕಾಲಿಗೆ ಸರಿಯಾಗಿ ಒಂದು ಆಕಳಿಕೆ ತೆಗೆದು ಒಳಕೋಣೆಗೆ ಜಾರುವುದೆಂದು ನಿಶ್ಚಯಿಸಿ ನಾನು ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತಿದ್ದೆ. ಆ ಆಕಳಿಕೆ ಬರಲೇ ಇಲ್ಲ. ಮಂಚದಿಂದ ಮನುಷ್ಯ ಹೆಚ್ಚಿನದೇನನ್ನೂ ಬಯಸಬಾರದು ಎಂಬುದು ಅಂದಿನಿಂದ ನನ್ನ ಸಿದ್ಧಾಂತ. ಅದಕ್ಕೆ ನಾಲ್ಕು ಕಾಲಿರಬೇಕು, ಆ ಕಾಲುಗಳು ಇಟ್ಟಲ್ಲಿಯೇ ಇರಬೇಕು, ರಾತ್ರಿ ಮಲಗಿದವನು ಬೆಳಿಗ್ಗೆ ಅದರ ಮೇಲೆಯೇ ಸಿಗಬೇಕು.

ನನ್ನ ಮಾವ ಮಹಾಂತಪ್ಪನವರು ನಲವತ್ತು ವರ್ಷ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವರು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬಗ್ಗಿ ಬಗ್ಗಿ, ಈಗ ಅವರ ಬೆನ್ನು ಯಾವ ಹಾಸಿಗೆಯ ಮಾತನ್ನೂ ಕೇಳುವುದಿಲ್ಲ. ಹತ್ತಿ ಗಾದಿ ಬಿಸಿ, ಫೋಮಿನದು ಮೆತ್ತಗೆ, ನೆಲ ಗಟ್ಟಿ. ಅವರ ಮಗ ಈರಣ್ಣ, ಅಂದರೆ ನನ್ನ ಹೆಂಡತಿ ಗಿರಿಜಾಳ ತಮ್ಮ, ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವವನು. ಅವನು ಮೊಬೈಲಿನಲ್ಲಿ ಪರದೇಶದ ಮಂಚಗಳನ್ನು ನೋಡತೊಡಗಿದ. ಒಂದು ದುಂಡಗಿತ್ತು, ಒಂದು ಅಯಸ್ಕಾಂತದ ಮೇಲೆ ತೇಲುತ್ತಿತ್ತು, ಒಂದು ಗೊರಕೆ ಹೊಡೆದರೆ ತಾನೇ ತಲೆ ಎತ್ತಿಸುತ್ತಿತ್ತು. ‘ಮಾಮಾ, ಇಂಥಾವು ನೋಡಿದ್ರ ನಮ್ಮ ಮಂದಿ ಇನ್ನೂ ಕಟ್ಟಿಗಿ ಮ್ಯಾಲ ಹೆಣ ಬಿದ್ದಂಗ ಬೀಳ್ತಾರ ನೋಡ್ರಿ’ ಎಂದು ನನಗೆ ಆಗಾಗ ಫೋನು ಮಾಡುತ್ತಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನೆಂದು ನನ್ನ ಸಲಹೆಯನ್ನೂ ಕೇಳುತ್ತಿದ್ದ. ನಾನು ‘ಹೂಂ, ಚಲೋ ಐತಿ’ ಎನ್ನುತ್ತಿದ್ದೆ. ಭೌತಶಾಸ್ತ್ರದಿಂದ ಆ ಮಂಚಕ್ಕೆ ಸಂದ ಕೊಡುಗೆ ಅಷ್ಟೇ.

ಎಂಟು ತಿಂಗಳು ಕೂತು ಅವನು ಮಾಡಿದ ಮಂಚವನ್ನು ಚೆನ್ನಾಗಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಸಾಗವಾನಿ ಚೌಕಟ್ಟು, ತಲೆಕಡೆಗೆ ಗುಳೇದಗುಡ್ಡದ ಖಣ ಹೊದಿಸಿದ ಹಲಗೆ, ಅದರಲ್ಲಿ ಮೊಬೈಲ್ ಚಾರ್ಜು ಮಾಡುವ ಗೂಡು, ಪುಟ್ಟ ಫ್ಯಾನು, ಕೆಳಗೆ ನೀಲಿ ದೀಪ. ಬಾದಾಮಿಯ ಒಂದು ಹೋಟೆಲಿನವರು ಫೋಟೋ ನೋಡಿಯೇ ತಲೆದೂಗಿದ್ದರಂತೆ. ಆದರೆ ಜೀವಾಳವೆಲ್ಲ ಹಾಸಿನಲ್ಲಿತ್ತು. ಮಗ್ಗದಲ್ಲಿ ಎಳೆಗಳು ಎರಡು ಪಾಳಿಯಾಗಿರುತ್ತವೆ. ಕಾಲಡಿಯ ಹಲಗೆ ತುಳಿದರೆ ಒಂದು ಪಾಳಿ ಏಳುತ್ತದೆ, ಇನ್ನೊಂದು ಇಳಿಯುತ್ತದೆ, ನಡುವೆ ತೆರೆದ ಬಾಯಲ್ಲಿ ಲಾಳಿ ಓಡುತ್ತದೆ. ಈರಣ್ಣ ಎಳೆಗಳ ಜಾಗದಲ್ಲಿ ಗೇಣಗಲದ ನವಾರಪಟ್ಟಿಗಳನ್ನು ತಲೆದಿಂಬಿನಿಂದ ಕಾಲಿನವರೆಗೆ ಬಿಗಿದು, ತುಳಿಯುವ ಕೆಲಸವನ್ನು ಮೋಟರಿಗೆ ವಹಿಸಿದ್ದ. ಒಂದು ಪಟ್ಟಿ ಎರಡು ಬೆರಳು ಮೇಲೆ, ಪಕ್ಕದ್ದು ಎರಡು ಬೆರಳು ಕೆಳಗೆ. ಮತ್ತೆ ಅದಲು ಬದಲು. ಮಲಗಿದವನ ಬೆನ್ನನ್ನು ಹತ್ತು ಜನ ಸೊಸೆಯಂದಿರು ಒತ್ತಿದಂತಾಗುತ್ತದೆ ಎಂಬುದು ಅವನ ವರ್ಣನೆ. ಅವನಿಗಿನ್ನೂ ಮದುವೆಯಾಗಿಲ್ಲ. ಹೀಗಾಗಿ ಸೊಸೆಯಂದಿರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿತ್ತು.

ಆ ಭಾನುವಾರ ಅದರ ಉದ್ಘಾಟನೆಗೆಂದೇ ನಾನೂ ಗಿರಿಜಾಳೂ ಬಾಗಲಕೋಟೆಯಿಂದ ಹೋಗಿದ್ದೆವು. ಮಾವನವರು ಮಲಗಿದರು. ಈರಣ್ಣ ಗೋಡೆಯ ಬೋರ್ಡಿನಲ್ಲಿ ಸ್ವಿಚ್ಚು ಒತ್ತಿದ. ಮಂಚ ಗುಂಯ್ಯೆಂದು ಉಸಿರಾಡತೊಡಗಿತು. ಮಾವನವರು ಎರಡು ನಿಮಿಷಕ್ಕೆ ಕಣ್ಣು ಮುಚ್ಚಿದರು, ಮೂರನೆಯದಕ್ಕೆ ಬಾಯಿ ತೆರೆದರು. ಅತ್ತೆ ಮಾತ್ರ, ‘ಪೂಜಿ ಮಾಡದ ಚಾಲೂ ಮಾಡೀರಿ. ಒಂದ ಕಾಯಿ ಒಡದಿಲ್ಲ’ ಎಂದು ತಕರಾರು ತೆಗೆದರು. ‘ತಡಿಬೇ, ಈಗ ತರ್ತೇನಿ’ ಎಂದು ಈರಣ್ಣ ಬೈಕು ಹತ್ತಿದ. ಹೋಗುವಾಗ ಬೋರ್ಡಿನ ಹತ್ತಿರವಿದ್ದ ನನಗೆ ಒಂದು ಮಾತು ಹೇಳಿದ: ‘ಮಾಮಾ, ನಾಕ ಸ್ವಿಚ್ ಅದಾವ. ಹೆಸರ ಇನ್ನೂ ಬರದಿಲ್ಲ. ಮೋಟರಿಂದು ಉಲ್ಟಾ ಕೂತೈತಿ, ಮ್ಯಾಲ ಮಾಡಿದ್ರ ಚಾಲೂ, ತೆಳಗ ಮಾಡಿದ್ರ ಬಂದ್. ಮುಟ್ಟಬ್ಯಾಡ್ರಿ ಅಷ್ಟ.’

ಮೂರೂ ಹತ್ತಕ್ಕೆ ಮೋಟರಿನ ದನಿ ಬದಲಾಯಿತು. ಎರಡು ಬೆರಳಿಗೆ ನಿಲ್ಲಬೇಕಾದ ಪಟ್ಟಿಗಳು ನಿಲ್ಲಲಿಲ್ಲ. ಒಂದು ಗೇಣು ಎದ್ದವು, ಆಮೇಲೆ ಒಂದೂವರೆ. ಮಾವನವರು ಮೊದಲೇ ನೂಲಿನಂಥ ಮನುಷ್ಯ, ಮಗ್ಗುಲಾಗಿ ಮಲಗಿದ್ದರು. ಎದ್ದ ಎರಡು ಪಟ್ಟಿಗಳ ಸಂದಿನಲ್ಲಿ ಅವರ ಕಾಲು ಇಳಿಯಿತು, ಆಮೇಲೆ ಸೊಂಟ, ಆಮೇಲೆ ಎದೆ. ನಾನು ನೋಡುತ್ತಿದ್ದಂತೆ ತಲೆ ಮಾತ್ರ ದಿಂಬಿನ ಮೇಲೆ ಉಳಿದು, ದೇಹವೆಲ್ಲ ಎರಡು ಪಾಳಿಗಳ ನಡುವೆ ಲಾಳಿಯ ಹಾಗೆ ಹೋಗಿ ಮಲಗಿತು. ಮೇಲಿನ ಪಾಳಿ ಇಳಿಯತೊಡಗಿತು. ಪಟ್ಟಿ ಅವರ ಎದೆಗೆ ತಾಗಿತು, ಅಂಗಿಯ ಗುಂಡಿ ಒಳಗೆ ಹೋಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾನು ಕರೆಂಟು ಹೋದಾಗ ಕೈ ಮುಗಿದದ್ದು ಅದೊಂದೇ ಸಲ. ಆದರೆ ಹೋದದ್ದು ಬರಲೇಬೇಕಲ್ಲ. ಬಂದರೆ ಆ ಪಟ್ಟಿಗಳು ಇಳಿಯುತ್ತಿದ್ದ ಕೆಲಸವನ್ನು ಮುಂದುವರಿಸುತ್ತವೆ, ನಡುವೆ ಅರವತ್ತೆಂಟು ವರ್ಷದ ಪಕ್ಕೆಲುಬುಗಳಿವೆ. ನಾನು, ಗಿರಿಜಾ, ಅತ್ತೆ ಸೇರಿ ಎಳೆಯಲು ನೋಡಿದೆವು, ಮೇಲಿನ ಪಟ್ಟಿ ಜಗ್ಗಲಿಲ್ಲ. ಈರಣ್ಣನಿಗೆ ಫೋನು ಮಾಡಿದೆ. ಅವನ ಮೊಬೈಲು ಮಂಚದ ಗೂಡಿನಲ್ಲಿ, ಮಾವನವರ ಕಿವಿಯ ಪಕ್ಕದಲ್ಲೇ, ಬಡಿದುಕೊಳ್ಳತೊಡಗಿತು.

‘ಅಳ್ಯಾರ, ಅದನ್ನ ಬಂದ್ ಮಾಡ್ರಿ. ಕಿವಿ ಕೆಡ್ತದ’ ಎಂದರು ಮಾವನವರು ಸಣ್ಣ ದನಿಯಲ್ಲಿ.

ನಾನು ಕತ್ತರಿ ಕೇಳಿದೆ. ಅತ್ತೆ ತಂದರು. ನೋಡಿದ ಕೂಡಲೇ ಮಾವನವರ ಮುಖ ಬಿಗಿಯಿತು. ‘ಬಿಗಿದ ಎಳಿಗೆ ಕತ್ರಿ ಹಚ್ಚಬ್ಯಾಡ್ರಿ. ಸೀರಿ ಮುಗಿಯೋತನಕ ಈ ಮನ್ಯಾಗ ಯಾರೂ ಹಚ್ಚಿಲ್ಲ.’

‘ಮಾವಾರ, ಇದು ಸೀರಿ ಅಲ್ರಿ, ಮಂಚ.’

‘ಹುಡುಗ ಎಂಟ ತಿಂಗಳ ಕೂತ ಬಿಗದಾನ್ರಿ.’

‘ನೀವು ಒಳಗ ಅದೀರಿ.’

‘ಅದು ಖರೆ. ಹೊರಗ ಬಂದ ಮ್ಯಾಲ ವಿಚಾರ ಮಾಡೂಣು.’

ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಗಂಡನ ಮಾತು ಮೀರಿದವರಲ್ಲ. ಹಾಗೆಂದು ಕತ್ತರಿಯನ್ನು ಒಳಗಿಟ್ಟೂ ಬರಲಿಲ್ಲ. ‘ನಾ ಬಡ್ಕೊಂಡೆ, ಪೂಜಿ ಮಾಡ್ರಿ ಅಂತ. ನನ್ನ ಮಾತ ಯಾರ ಕೇಳ್ತಾರ?’ ಎಂದು ಕಣ್ಣೊರೆಸಿಕೊಂಡರು.

‘ಈಗ ಎಲ್ಲಿ ಹೋಗ್ಲಿ? ಹೇಳು, ಕೇಳ್ತೇನಿ’ ಎಂದರು ಮಾವನವರು. ಆದರೆ ಅವರ ಉಸಿರು ಚಿಕ್ಕದಾಗುತ್ತಿತ್ತು, ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. ಆಗ ಪಕ್ಕದ ಮನೆಯ ಸಂಗವ್ವ ಗೋಡೆಯ ಆಚೆಯಿಂದ ಕೂಗಿ ಸಿಹಿಸುದ್ದಿ ಕೊಟ್ಟಳು: ‘ಯಕ್ಕಾ, ಲೈನ್‌ಮನ್‌ಗ ಫೋನ್ ಹಚ್ಚಿದ್ವಿ. ಐದ ನಿಮಿಷದಾಗ ಕರೆಂಟ್ ಬರ್ತೈತಂತ.’

ಇಲ್ಲಿ ನಾನು ಎಲ್ಲಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ನನ್ನ ಬೆನ್ನು ಸ್ವಿಚ್‌ಬೋರ್ಡಿಗೆ ತಾಗಿತ್ತು. ಎರಡು ಸ್ವಿಚ್ಚು ಮೇಲಿದ್ದವು, ಎರಡು ಕೆಳಗೆ. ಮೇಲಿರುವುದರಲ್ಲಿ ಒಂದು ಮೋಟರಿನದು, ಆದರೆ ಯಾವುದು? ಒಂದನ್ನು ತಿರುಗಿಸಿ, ಅದು ಫ್ಯಾನಿನದಾಗಿ, ಕರೆಂಟು ಬಂದರೆ? ಮಾವನನ್ನು ಅಳಿಯನೇ ಮಂಚಕ್ಕೆ ಹಾಕಿ ನೇಯ್ದ ಎಂದು ಇಳಕಲ್ಲು ತುಂಬ ಮಾತಾಗುತ್ತದೆ. ನಾಲ್ಕನ್ನೂ ಇದ್ದ ಕಡೆಯಿಂದ ಆಚೆ ಕಡೆಗೆ ತಿರುಗಿಸಿದ್ದರೆ ಯಾವುದು ಯಾವುದೆಂದು ತಿಳಿಯುವ ಅಗತ್ಯವೇ ಇರಲಿಲ್ಲ, ಮೋಟರು ತಾನಾಗಿ ಬಂದ್ ಆಗುತ್ತಿತ್ತು. ಈ ಸಂಗತಿ ನನಗೆ ಹೊಳೆದದ್ದು ತಿರುಗಿ ಬರುವ ಬಸ್ಸು ಹುನಗುಂದ ದಾಟಿದ ಮೇಲೆ. ಆ ಹೊತ್ತಿನಲ್ಲಿ ನನ್ನ ಕೈ ಬೋರ್ಡಿನ ಮೇಲಿತ್ತು, ಅಲ್ಲಿಯೇ ಇತ್ತು.

ಅಷ್ಟರಲ್ಲಿ ಗಿರಿಜಾ ನನ್ನನ್ನು ದಾಟಿ ಸರಸರನೆ ಹೊರಗೆ ಹೋದಳು. ಪಡಸಾಲೆಯ ಕಡೆಯಿಂದ ಕಟ್ ಎಂದು ಸದ್ದಾಯಿತು. ಮೀಟರಿನ ಪಕ್ಕದ ಮೇನ್ ಸ್ವಿಚ್ಚನ್ನು ಇಳಿಸಿ ಅವಳು ತಿರುಗಿ ಬಂದಳು. ಅದಾದ ಎರಡೇ ನಿಮಿಷಕ್ಕೆ ಸಂಗವ್ವನ ಮನೆಯ ಪವರ್‌ಲೂಮು ಖಟಖಟ ಖಟಖಟ ಎಂದು ಎದ್ದಿತು. ಕರೆಂಟು ಬಂದಿತ್ತು. ನಮ್ಮ ಮಂಚ ಅಲುಗಲಿಲ್ಲ. ನಾವು ಮೂವರೂ ಆ ಖಟಖಟವನ್ನು ಕೇಳುತ್ತ ಮಾವನವರ ಎದೆಯನ್ನೇ ನೋಡುತ್ತ ನಿಂತೆವು.

ಈರಣ್ಣ ಕಾಯಿ ಹಿಡಿದುಕೊಂಡು ಬಂದ. ಕಾಯಿ ಕೈಯಿಂದ ಬಿದ್ದು ತಾನೇ ಒಡೆಯಿತು. ಮಂಚದ ಕೆಳಗೆ ತೂರಿ, ಪಟ್ಟಿಗಳನ್ನು ಎತ್ತಿಳಿಸುವ ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುವಿ ಅಪ್ಪನನ್ನು ಬಿಡಿಸಿದ. ಮಾವನವರು ಎದ್ದು ಕೂತು, ಒಂದು ಚೊಂಬು ನೀರು ಕುಡಿದು, ಪಟ್ಟಿಗಳ ಮೇಲೆ ಕೈಯಾಡಿಸಿ, ‘ಒಂದೂ ಎಳಿ ಹರದಿಲ್ಲ’ ಎಂದರು. ಮಗ ಮಗ್ಗಕ್ಕೆ ಹಾಕುವ ಗಾಲಿಯನ್ನೇ ಹಾಕಿದ್ದನಂತೆ, ಅದನ್ನು ಎರಡು ಬೆರಳಿಗೆ ತಡೆಯಲು ಹಾಕಿದ್ದ ಬೋಲ್ಟು ಕಳಚಿದೊಡನೆ ಅದು ಮಗ್ಗಕ್ಕೆ ಬೇಕಾದಷ್ಟೇ ಬಾಯಿ ತೆರೆದಿತ್ತು. ಮೋಟರನ್ನು ಅಂದೇ ಕಿತ್ತರು. ಮಾವನವರು ಅದೇ ರಾತ್ರಿಯಿಂದ ಅದೇ ಮಂಚದ ಮೇಲೆ ಮಲಗುತ್ತಿದ್ದಾರೆ. ಕರೆಂಟು ಇಲ್ಲದಿದ್ದರೆ ಅಂಥ ಮಂಚ ಇನ್ನೊಂದಿಲ್ಲ, ಬೆನ್ನೂ ಹಗುರಾಗಿದೆ ಎನ್ನುತ್ತಾರೆ.

ನಿದ್ದೆ ಹೋದದ್ದು ನನ್ನದು. ಬಾಗಲಕೋಟೆಗೆ ಬಂದ ಮೇಲೆ ದಿನವೂ ಯಾವುದೋ ಹೊತ್ತಿನಲ್ಲಿ ಆ ಖಟಖಟ ಕೇಳಿ ಎದ್ದು ಕೂರುತ್ತಿದ್ದೆ. ಬೇವೂರಿನ ಬಡಗಿ ಮಾಡಿಕೊಟ್ಟ, ಹತ್ತು ವರ್ಷದಿಂದ ಕಿರ್ರೆನ್ನದ ನಮ್ಮ ಮಂಚದ ಕೆಳಗೆ ಟಾರ್ಚು ಹಾಕಿ ನೋಡುತ್ತಿದ್ದೆ. ‘ಏನ್ ಹುಡುಕಾಕತ್ತೀರಿ?’ ಎಂದು ಗಿರಿಜಾ ಕೇಳಿದರೆ ‘ಏನಿಲ್ಲ, ನೀ ಮಲಕೊ’ ಎನ್ನುತ್ತಿದ್ದೆ. ಅವಳೂ ಮಲಗುತ್ತಿರಲಿಲ್ಲ. ಹಗಲಿನಲ್ಲಿ ಮಾತ್ರ ಸ್ಟಾಫ್‌ರೂಮಿನಲ್ಲಿ ನನ್ನ ಕಥೆಗೆ ಒಳ್ಳೆಯ ಬೇಡಿಕೆಯಿತ್ತು. ಮೊದಲ ವಾರ ಅದರಲ್ಲಿ ಹೆಂಡತಿ ಮೇನ್ ಇಳಿಸಿದಳು. ಎರಡನೆಯ ವಾರ ನಾವು ಇಳಿಸಿದೆವು. ಮೂರನೆಯ ವಾರ ನಾನು ‘ಗಿರಿಜಾ, ಮೇನ್’ ಎಂದು ಕೂಗಿದೆ, ಅವಳು ಓಡಿದಳು. ಸುಳ್ಳು ಹೇಳುತ್ತಿದ್ದೇನೆಂದು ಅನಿಸಲೇ ಇಲ್ಲ. ಒಳ್ಳೆಯ ಪಾಠವನ್ನು ವರ್ಷ ವರ್ಷ ತಿದ್ದಿಕೊಳ್ಳುವಂತೆ ತಿದ್ದಿಕೊಳ್ಳುತ್ತಿದ್ದೆ.

ಒಂದು ಬುಧವಾರ ಸಂಜೆ ಗಣಿತದ ಪಾಟೀಲ ಸರ್ ಮನೆಗೆ ಬಂದರು. ಚಹಾ ಕೊಡಲು ಬಂದ ಗಿರಿಜಾಳಿಗೆ, ‘ಅಕ್ಕಾರ, ಸರ್ ಒದರಿದ್ದು ಚಲೋ ಆತು ನೋಡ್ರಿ. ಇಲ್ಲಾಂದ್ರ ನಿಮ್ಮ ಅಪ್ಪಾರ ಗತಿ?’ ಎಂದುಬಿಟ್ಟರು. ಗಿರಿಜಾ ಒಂದು ಕ್ಷಣ ನನ್ನನ್ನು ನೋಡಿ, ‘ಹೌದ್ರಿ ಸರ್. ಇವರ ದನಿ ಮೊದಲಿಂದ್ಲೂ ಜೋರ’ ಎಂದು ಹೇಳಿ ಬಿಸ್ಕೀಟಿನ ತಟ್ಟೆಯನ್ನು ಅವರ ಮುಂದೆ ಸರಿಸಿದಳು.

ಅವರು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತ ಅಂದು ಸ್ವಲ್ಪ ಹೆಚ್ಚೇ ಕೇಳುತ್ತಿತ್ತು. ಬೋರ್ಡು ನನ್ನ ಬೆನ್ನ ಹಿಂದಿತ್ತು, ಕೈ ಅದರ ಮೇಲಿತ್ತು, ನಿಮ್ಮಪ್ಪನಿಗಿಂತ ನನ್ನ ಹೆಸರಿನ ಚಿಂತೆ ದೊಡ್ಡದಾಯಿತು ಎಂದು ಒಂದೇ ಉಸಿರಿಗೆ ಹೇಳಿದೆ. ಬಡಿತ ನಿಲ್ಲಲಿಲ್ಲ.

‘ನನಗ ಅವತ್ತ ಗೊತ್ತಿತ್ತು. ನಿಮ್ಮ ಕೈ ಕಂಡಿದ್ದೆ’ ಎಂದಳು.

‘ಮತ್ತ ಯಾಕ ಸುಮ್ಮನಿದ್ದಿ?’

ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ‘ನಾನೇನ್ ಧೈರ್ಯ ಮಾಡಿ ಹೋಗಿದ್ದಿಲ್ರಿ. ಸಂಗವ್ವ ಐದ ನಿಮಿಷ ಅಂದ್ಲಲ್ಲ, ಕರೆಂಟ್ ಬಂದಾಗ ಅಪ್ಪನ ಮಾರಿ ನೋಡೂದ ಬ್ಯಾಡ ಅಂತ ಓಡಿ ಹೊಂಟಿದ್ದೆ. ಬೀದಿಗೆ. ದಾರ್ಯಾಗ ಮೇನ್ ಕಂಡ್ತು.’

ಇಷ್ಟು ದಿನ ಪಕ್ಕದಲ್ಲಿ ಅವಳೂ ಕಣ್ಣು ಬಿಟ್ಟುಕೊಂಡು ಮಲಗಿದ್ದು ನನ್ನ ಟಾರ್ಚಿನ ದೆಸೆಯಿಂದ ಎಂದುಕೊಂಡಿದ್ದೆ. ಅವಳಿಗೆ ಓಡುವಷ್ಟಾದರೂ ಧೈರ್ಯವಿತ್ತು. ನಾನು ಅಲ್ಲಿಯೇ ನಿಂತದ್ದನ್ನು ಯಾರಾದರೂ ಧೈರ್ಯವೆಂದು ತಿಳಿದಿದ್ದರೆ, ಕಾಲು ಬರಲಿಲ್ಲ ಎಂಬುದನ್ನು ಈಗ ಸೇರಿಸಿಕೊಳ್ಳಬೇಕು. ಇಬ್ಬರೂ ಅಲ್ಲೇ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿಂದೆವು.

ಗುರುವಾರ ಕಣ್ಣು ತೆರೆದಾಗ ಎಂಟೂ ಇಪ್ಪತ್ತು. ಹಾಲಿನವನು ಕೂಗಿ ಹೋಗಿದ್ದ, ಗಿರಿಜಾ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು, ನನ್ನ ಮೊದಲನೆಯ ಪೀರಿಯಡ್ಡು ತಪ್ಪಿತ್ತು. ಯಾಕೆ ತಡವಾಯಿತೆಂದು ಪ್ರಿನ್ಸಿಪಾಲರು ಕೇಳಿದರು. ಸ್ಟಾಫ್‌ರೂಮು ಕಿವಿಯಾನಿಸಿ ಕಾಯುತ್ತಿತ್ತು. ನಿದ್ದೆ ಹತ್ತಿತ್ತು ಸರ್ ಎಂದಷ್ಟೇ ಹೇಳಿ ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.