ನಾಲ್ಕು ಗಂಟೆಯ ಶುಂಠಿ ಚಹಾ

ಮಧ್ಯಾಹ್ನ ನಾಲ್ಕಾಯಿತೆಂದರೆ ಶರಣವ್ವನವರ ಕಾಲು ತಾನಾಗಿ ಪಕ್ಕದ ತಾಹೇರಾಳ ಮನೆಯ ಕಡೆ ತಿರುಗುತ್ತಿತ್ತು. ಸೊಸೆ ರಶ್ಮಿ ಮಾಡಿಕೊಟ್ಟ ಚಹಾ ಅರ್ಧ ಲೋಟ ಉಳಿದು, ಕೆನೆ ಹೊದ್ದು ಮಲಗುತ್ತಿತ್ತು.

ಅತ್ತೆ ಮಾನ್ವಿಯಿಂದ ದೊಮ್ಮಲೂರಿನ ಈ ಬಾಡಿಗೆ ಮನೆಗೆ ಬಂದು ಮೂರು ವಾರ. ರಶ್ಮಿ ಅವರಿಗೆ ಒಂದು ಲೋಟ ತೊಳೆಯಲೂ ಬಿಟ್ಟಿರಲಿಲ್ಲ. ಆದರೂ ಅವರ ನಗು ಕೇಳಿಸುತ್ತಿದ್ದುದು ಗೋಡೆಯಾಚೆಯಿಂದ. ಅದನ್ನೂ ಸಹಿಸಿಕೊಂಡಿದ್ದಳು. ಈ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಕೇದಾರ್, "ಪಕ್ಕದ್ಮನೆ ಶುಂಠಿ ಚಾ ಕುಡಿದ್ರೆ ಊರಿಗೆ ಹೋಗ್ಬಂದಂಗಾಗುತ್ತಂತೆ ಅವ್ವಂಗೆ" ಎಂದುಬಿಟ್ಟ.

ರಶ್ಮಿ ತಟ್ಟೆ ಎತ್ತಿಕೊಂಡು ಎದ್ದಳು. ಒಂದು ದಿನವಾದರೂ ಅತ್ತೆ ತನ್ನೆದುರು ಕೂತು ಹರಟಬೇಕು. ಅಷ್ಟೇ ಆಸೆ.

ಅತ್ತೆ ಮಲಗಿದ ಮೇಲೆ ಹಾಲಿಗೆ ಶುಂಠಿ ತುರಿದು ಹಾಕಿದಳು. ಆಸ್ತಿ ಜಗಳದ ಅಣ್ಣತಮ್ಮಂದಿರಂತೆ ಹಾಲು ಒಂದು ಕಡೆ, ನೀರು ಒಂದು ಕಡೆಯಾಯಿತು. ಎರಡನೆಯ ಸಲ ಹೆಬ್ಬೆರಳಿನಷ್ಟು ಶುಂಠಿ ಬಿತ್ತು. ರುಚಿ ನೋಡಿದ ಕೇದಾರನ ಕಣ್ಣಲ್ಲಿ ನೀರು.

"ಸೂಪರ್ ಕಣೇ. ನೆಗಡಿ ಇದ್ದಿದ್ರೆ ಹೋಗ್ಬಿಡ್ತಿತ್ತು."

"ಸುಮ್ನೆ ಇನ್ನೊಂದು ಪ್ಯಾಕೆಟ್ ಹಾಲು ತನ್ನಿ."

"ಮೂರನೇದು! ಬೆಕ್ಕು ಸಾಕಿದೀರಾ ಸಾರ್ ಅಂತಾನೆ ಅಂಗಡಿಯವನು."

ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ತಾಹೇರಾ ಮೂಗು ಅರಳಿಸಿದಳು. "ಅರೇ ರಶ್ಮಿ, ಹಾಲು ಒಡೀತಾ?"

ರಶ್ಮಿ ಮಾನ ನುಂಗಿಕೊಂಡು ಕೇಳಿದಳು. "ನಿಮ್ಮನೇಲಿ ಹೇಗೆ ಆಂಟಿ?"

"ತುರೀಬೇಡಮ್ಮ, ಜಜ್ಜು. ಚಾ ಪುಡಿ ಜೊತೆ ನೀರಲ್ಲೇ ಕುದೀಲಿ, ಹಾಲು ಕೊನೆಗೆ. ಒಂದೇ ಒಂದು ಕರಿಮೆಣಸು. ದಿನಾ ನೋಡ್ತೀನಲ್ಲ, ಬಾಯಿಪಾಠ ಆಗೋಗಿದೆ."

ನಾಲ್ಕಕ್ಕೆ ಐದು ನಿಮಿಷ. ನಿದ್ದೆಯಿಂದೆದ್ದ ಶರಣವ್ವ, ರಶ್ಮಿ ಹೊಸದಾಗಿ ಮಾಡಿದ ಚಹಾ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು.

"ಅಯ್ಯ ನನ್ನವ್ವ! ಥೇಟ್ ನನ್ನ ಕೈಯಾನ ಚಾ!"

ಲೋಟ ಪೂರ್ತಿ ಖಾಲಿ. ರಶ್ಮಿ ಹರಟೆಗೆಂದು ಹತ್ತಿರ ಸರಿದು ಕೂರುವಷ್ಟರಲ್ಲಿ ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಅತ್ತೆ? ಚಾ ಈಗ ಕುಡಿದ್ರಲ್ಲ?"

"ಕುಡ್ಯಾಕ ಎಲ್ಲಿ ಹೊಂಟೀನಿ? ಮಾಡಾಕ ಹೊಂಟೀನಿ. ಇಷ್ಟು ದಿನ ಅಲ್ಲಿ ಚಾ ಮಾಡಿದಾಕಿ ನಾನ. ತಾಹೇರಾ ಒಲಿ ನನಗ ಬಿಟ್ಟು, ಬಾಜೂಕ ಕುಂತು ಮಾತಾಡ್ತಾಳ. ನೀ ನನಗ ಒಲಿ ಮುಟ್ಟಗೊಡಂಗಿಲ್ಲ. ಕುಂತು ಕುಂತು ಕೈ ತುಕ್ಕು ಹಿಡ್ದಾವ. ಇವತ್ತು ಚಾನೂ ನನ್ನಂಗ ಮಾಡೀದಿ. ಇನ್ನ ಇಲ್ಲಿ ನನಗೇನ್ ಕೆಲ್ಸ ಐತವ್ವ?"

ಇಲ್ಲೇ ಮಾಡಿ ಅತ್ತೆ, ಒಲೆ ನಿಮ್ಮದೇ ಎನ್ನಲು ರಶ್ಮಿ ಬಾಯಿ ತೆರೆದಳು. ಆದರೆ ಮೂರು ವಾರದ ರೂಢಿ ನಾಲಗೆಯ ತುದಿಗೆ ಮೊದಲೇ ಬಂದು ನಿಂತಿತ್ತು.

"ಅಯ್ಯೋ, ನೀವ್ಯಾಕೆ ಅತ್ತೆ? ಕೂತ್ಕೊಳ್ಳಿ! ತಾಹೇರಾ ಆಂಟಿಗೂ ನಾನೇ ಮಾಡ್ಕೊಡ್ತೀನಿ!"

ಶರಣವ್ವ ಅವಳ ಗಲ್ಲ ಸವರಿ ನಕ್ಕರು. ಮೆಟ್ಟಿದ ಚಪ್ಪಲಿಯನ್ನು ಮಾತ್ರ ಬಿಡಲಿಲ್ಲ.