ಭಾವನಿಗೆ ತಿಕ್ಕಾಟ ಆಗದು

ನಮ್ಮ ಭಾವ ಜಾರುವ ಮನುಷ್ಯ. ತಪ್ಪು ತಿಳಿಯಬೇಡಿ, ಮಾತು ಕೊಟ್ಟು ಜಾರಿಕೊಳ್ಳುವವರಲ್ಲ, ನಿಜವಾಗಿಯೂ ಜಾರುವವರು! ಬೊರಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತುವ ಮೊದಲು ಅಂಗಿಯ ತೋಳಿಗೆ, ಬೆನ್ನಿಗೆ ಟಾಲ್ಕಂ ಪೌಡರ್ ಸವರಿಕೊಳ್ಳುತ್ತಿದ್ದರು. "ಗರ್ದಿಯಲ್ಲಿ ಮನುಷ್ಯನ ಶಕ್ತಿಯೆಲ್ಲ ಎಲ್ಲಿ ಹಾಳಾಗುತ್ತೆ ಹೇಳು? ಅಂಗಿಗೆ ಅಂಗಿ ಉಜ್ಜೋ ಜಾಗದಲ್ಲಿ!" ಎಂದು ನನಗೆ ಪಾಠ ಬೇರೆ. ನಾನು ಆಗಷ್ಟೇ ನೌಕರಿ ಸಿಕ್ಕಿ ಮೈಸೂರಿನಿಂದ ಬಂದು ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೆ. ಅನ್ನದ ಋಣ, ತಲೆಯಾಡಿಸಿದೆ. ಒಂದು ದಿನ ಅಂಧೇರಿಯಲ್ಲಿ ಇಳಿಯುವವರ ನೂಕಿಗೆ ಸಿಕ್ಕಿದ ಭಾವ ಯಾರ ಹಿಡಿತಕ್ಕೂ ಸಿಗದೆ ನುಣ್ಣಗೆ ಹೊರಗೆ ಬಂದು ಪ್ಲಾಟ್‌ಫಾರ್ಮಿನ ಮೇಲೆ ನಿಂತರು. ಹೋಗಬೇಕಾಗಿದ್ದದ್ದು ದಾದರ್‌ಗೆ! ಗಾಡಿ ಹೊರಟೇ ಹೋಯಿತು. ಸಂಜೆ ಮನೆಗೆ ಬಂದವರ ಮುಖದಲ್ಲಿ ಬೇಸರದ ಸುಳಿವೂ ಇಲ್ಲ. "ಪೌಡರ್ ಕೆಲಸ ಮಾಡುತ್ತೆ ಅಂತ ಸಾಬೀತಾಯ್ತು" ಎಂದರು.

ದಾದರ್‌ನಲ್ಲಿ ಗಾಡಿ ಬದಲಿಸಿ ಅವರು ಹೋಗುತ್ತಿದ್ದದ್ದು ಬೈಕುಲ್ಲಾದ ಒಂದು ಪಂಪು ಕಾರ್ಖಾನೆಗೆ. ಅಲ್ಲಿ ಅವರದು ಸೀಲ್ ವಿನ್ಯಾಸ ಮಾಡುವ ಕೆಲಸ. ಪಂಪಿನೊಳಗೆ ತಿರುಗುವ ದಂಡ ಹೊರಗೆ ಬರುವ ತೂತಿನಲ್ಲಿ ನೀರು ಸೋರದಂತೆ ಕೂರಿಸುವ ಬಳೆಯೇ ಸೀಲು. ಬಿಗಿ ಮಾಡಿದರೆ ದಂಡಕ್ಕೆ ಉಜ್ಜಿ ಕಾಯುತ್ತದೆ, ಸವೆಯುತ್ತದೆ. ಸಡಿಲ ಬಿಟ್ಟರೆ ಸೋರುತ್ತದೆ. ಸೋರಲೂಬಾರದು, ಉಜ್ಜಲೂಬಾರದು! ಇಂಥದ್ದನ್ನು ದೇವರಿಂದಲೂ ಮಾಡಲಾಗಲಿಲ್ಲ. ಮಾಡಿದ್ದರೆ ನಮಗೆಲ್ಲ ನೆಗಡಿ ಯಾಕೆ ಆಗುತ್ತಿತ್ತು?

ಭಾವ ಮಾಡಿಬಿಟ್ಟರು. ಕಾರ್ಬನ್ನಿನ ನುಣುಪಾದ ಬಳೆ, ಹಿಂದೆ ಒಂದು ಮೆತ್ತನೆಯ ಸ್ಪ್ರಿಂಗು. ಪಂಪಿಗೆ ಕೂರಿಸಿ ಬಿಟ್ಟರೆ ತಿಂಗಳುಗಟ್ಟಲೆ ತಿರುಗಿತು, ಒಂದು ಹನಿ ಸೋರಲಿಲ್ಲ. ಕಾರ್ಖಾನೆಯ ಮಾಲೀಕ ಶೇಟ್‌ಜಿ ಸ್ವತಃ ಬಂದು, ಸೀಲನ್ನು ಬಿಚ್ಚಿಸಿ, ಬೆರಳಾಡಿಸಿ, ಯಾವಾಗ ಸವೆಯುತ್ತದೆಂದು ಕೇಳಿದರು.

"ಯೇ ಕಬ್ ಘಿಸೇಗಾ?"

"ಘಿಸೇಗಾ ಹೀ ನಹೀಂ, ಶೇಟ್‌ಜಿ!" ಎಂದರು ಭಾವ, ಎದೆಯುಬ್ಬಿಸಿ.

"ಅರೇ ಭಾಯ್, ಘಿಸೇಗಾ ನಹೀಂ ತೋ ದೂಸ್ರಾ ಕೌನ್ ಖರೀದೇಗಾ?"

ಸವೆಯದ ಸೀಲನ್ನು ಮಾರಿದರೆ ಇನ್ನೊಂದನ್ನು ಕೊಳ್ಳುವವರು ಯಾರು? ವ್ಯಾಪಾರದ ಮುಂದೆ ವಿಜ್ಞಾನ ಬಾಯಿ ಮುಚ್ಚಿಕೊಂಡಿತು. ಸೀಲು ಶೇಟ್‌ಜಿಯ ಮೇಜಿನ ಮೇಲೆ ಪೇಪರ್‌ವೇಟ್ ಆಯಿತು. ಹಳೆಯ ಸೋರುವ ಪಂಪುಗಳು ಎಂದಿನಂತೆ ಮಾರಾಟವಾದವು.

ಕಾರ್ಖಾನೆಯಲ್ಲಿ ಬೇಡವಾದ ಬುದ್ಧಿಯನ್ನು ಮನುಷ್ಯ ಎಲ್ಲಿಗೆ ತರುತ್ತಾನೆ? ಮನೆಗೆ! ಅಕ್ಕನ ಹೊಸ ಮಿಕ್ಸಿಯ ಜಾರಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ಭಾವ ಅದಕ್ಕೊಂದು ಕಾರ್ಬನ್ ಬಳೆ ಕೂರಿಸಿದರು. ಜಿನುಗುವುದು ನಿಂತಿತು, ಆದರೆ ತೆಂಗಿನಕಾಯಿ ಚಟ್ನಿ ಕಾಗೆಯ ಬಣ್ಣಕ್ಕೆ ತಿರುಗಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಧಾರವಾಡದ ಮಾಸ್ತರರು ಬರಬೇಕೆ! ಅಕ್ಕ ಬೇಡ ಬೇಡವೆನ್ನುವಷ್ಟರಲ್ಲಿ ಅವರು ದೋಸೆಗೆ ಬಳಿದುಕೊಂಡು ಬಾಯಿಗಿಟ್ಟೇಬಿಟ್ಟರು. "ಅಕ್ಕಾರ, ಏನ್ ಛಲೋ ಗುರೆಳ್ಳ ಚಟ್ನಿ ಮಾಡೀರಿ! ಮೈಸೂರವ್ರ ಕೈಯಾಗ ಇಷ್ಟು ರುಚಿ ಐತಂತ ಗೊತ್ತಿರಲಿಲ್ಲ ನೋಡ್ರಿ." ಅಕ್ಕ ಆ ಬಳೆಯನ್ನು ಕಿಟಕಿಯಿಂದಾಚೆ ಎಸೆದಳು. ಮಾಸ್ತರರು ಆಮೇಲೂ ಒಂದೆರಡು ಸಲ ಆ ಚಟ್ನಿಯನ್ನು ಕೇಳಿದರು.

ಅಡುಗೆಮನೆಯಿಂದ ಗಡೀಪಾರಾದ ಭಾವ ಬಾಗಿಲುಗಳ ಮೇಲೆ ದಂಡೆತ್ತಿ ಹೋದರು. ಗ್ರಾಫೈಟ್ ಪುಡಿಯ ಡಬ್ಬಿ ಹಿಡಿದು ಒಂದೊಂದು ಕೀಲಿನ ಸಂದಿಗೂ ತುಂಬಿದರು. ಬಾಗಿಲು, ಬೀರು, ಕಿಟಕಿ, ಟ್ರಂಕು, ಅಕ್ಕನ ಹೊಲಿಗೆ ಮಿಷನ್, ಯಾವುದೂ ಉಸಿರೆತ್ತದ ಹಾಗಾಯಿತು. ಬಿಲ್ಡಿಂಗಿನ ಬೆಕ್ಕು ಹಗಲು ಹೊತ್ತಿನಲ್ಲೇ ಬಾಗಿಲು ತಳ್ಳಿಕೊಂಡು ಬಂದು ಹಾಲು ಕುಡಿದು ಹೋಗುತ್ತಿತ್ತು. ಭಾವನ ಕೆಲಸವನ್ನು ಮನಸಾರೆ ಮೆಚ್ಚಿದ ಪ್ರಾಣಿ ಅದೊಂದೇ!

ಇಂಥ ಮನೆಗೆ ನಮ್ಮ ಅಮ್ಮ ಬಂದಳು. ಅವಳ ಕಣ್ಣು ಮಂಜಾಗುತ್ತ ಹೋಗಿ, ಇನ್ನೇನೂ ಮಾಡುವ ಹಾಗಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಹಟ ಹಿಡಿದು ಮೈಸೂರಿನಿಂದ ಕರೆಸಿಕೊಂಡಿದ್ದಳು. ಇನ್ನು ಮುಂದೆ ಅಮ್ಮ ತನ್ನ ಹತ್ತಿರವೇ ಇರಬೇಕೆಂದು ಅವಳ ಆಸೆ.

"ಅಳಿಯಂದಿರೇ, ಇದೇನು ಮನೆಯೋ ಆಸ್ಪತ್ರೆಯೋ? ಒಂದು ಬಾಗಿಲೂ ಕಿರ್ ಅನ್ನಲ್ವಲ್ಲ!" ಎಂದಳು ಅಮ್ಮ, ಬಂದ ವಾರದಲ್ಲೇ.

"ಅದೇ ಅತ್ತೆ, ಇದರ ಹೆಚ್ಚುಗಾರಿಕೆ!" ಎಂದರು ಭಾವ. ಹೊಗಳಿದ್ದೆಂದೇ ತಿಳಿದಿದ್ದರು, ಪುಣ್ಯಾತ್ಮರು.

ಒಂದು ಶನಿವಾರ ನನಗೂ ಭಾವನಿಗೂ ಅರ್ಧ ದಿನ ಕೆಲಸ. ನಾನು ಮೊದಲೇ ಬಂದು, ಹೊರಗಿನ ಕೋಣೆ ಕಾಣುವ ಹಾಗೆ ಒಳಗೆ ಊಟಕ್ಕೆ ಕೂತಿದ್ದೆ. ಹಗಲಲ್ಲಿ ಬಾಗಿಲಿಗೆ ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿಡುವುದು ನಮ್ಮ ಬಿಲ್ಡಿಂಗಿನ ರೂಢಿ. ಭಾವ ಸದ್ದಿಲ್ಲದೆ ಒಳಗೆ ಬಂದು ಚಪ್ಪಲಿ ಬಿಟ್ಟರು. ಹೊರಗಿನ ಕೋಣೆಯಲ್ಲಿ ಕೂತಿದ್ದ ಅಮ್ಮನಿಗೆ ಯಾರೋ ಹತ್ತಿರ ಸುಳಿದಂತಾಯಿತು. ಅಕ್ಕನೇ ಎಂದುಕೊಂಡಳು.

"ನಿನ್ನ ಗಂಡನಿಗೆ ತಲೆ ಕೆಟ್ಟಿದೆ ಕಣೇ" ಎಂದು ಶುರು ಮಾಡಿದಳು. ನಾನು ತುತ್ತು ಕೈಯಲ್ಲಿ ಹಿಡಿದು ನಗು ತಡೆದುಕೊಂಡೆ. ಭಾವನೂ ನಗುತ್ತಲೇ ನಿಂತಿದ್ದರು. ಅಮ್ಮನ ದನಿ ಇಳಿಯಿತು.

"ನನ್ನನ್ನ ಮೈಸೂರಿಗೆ ಕಳಿಸಿಬಿಡೇ. ಇಲ್ಲಿ ಯಾರು ಬಂದ್ರು, ಯಾರು ಹೋದ್ರು ಒಂದೂ ಗೊತ್ತಾಗಲ್ಲ. ಮಾತಾಡಿದ್ರೆ ಎದುರಿಗೆ ಜನ ಇರ್ತಾರೋ ಗೋಡೆ ಇರುತ್ತೋ. ನಿಮ್ಮ ಮಧ್ಯೆ ಇದ್ದೂ ಒಬ್ಬಳೇ ಇದ್ದ ಹಾಗಿದೆ."

ಭಾವನ ನಗು ಅಲ್ಲೇ ನಿಂತಿತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬಂದ ಹಾಗೆಯೇ ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಭಾವ ಮುಂಬಾಗಿಲನ್ನು ಕಳಚಿ, ಕೀಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಅರ ಹಿಡಿದು ಕೆರೆಯತೊಡಗಿದರು. ಆ ಸದ್ದಿಗೆ ಮಾಸ್ತರರು ಓಡಿ ಬಂದರು. "ಏನ್ರೀ ಸಾಹೇಬ್ರ, ಮನ್ಯಾಗ ಯಾರನ್ನ ಕೊಲ್ಲಾಕತ್ತೀರಿ?" ಅಕ್ಕ ಹಣೆ ಚಚ್ಚಿಕೊಂಡಳು. "ಇಷ್ಟು ದಿನ ಕಷ್ಟಪಟ್ಟು ನೀವೇ ಮಾಡಿದ್ದನ್ನ ನೀವೇ ಯಾಕೆ ಕೆಡಿಸ್ತಿದ್ದೀರಿ?"

"ಡಿಸೈನ್ ತಪ್ಪಾಗಿತ್ತು" ಎಂದರು ಭಾವ, ತಲೆಯೆತ್ತದೆ.

ಬಾಗಿಲು ಕೂರಿಸಿದ ಮೇಲೆ ಪರೀಕ್ಷೆ. ನಾನೂ ಅಕ್ಕನೂ ಸರದಿಯ ಮೇಲೆ ಹೊರಗೆ ಹೋಗಿ ಬರಬೇಕು. ಬಂದವರು ಯಾರೆಂದು ಅಮ್ಮ ಒಳಗಿನಿಂದ ಹೇಳಬೇಕು. ನಾನು ಕಾಲಿನಿಂದ ತಳ್ಳುವ ದುರಭ್ಯಾಸದವನು, ಬಾಗಿಲು ಒಮ್ಮೆಲೇ ಕೀಚ್ ಎಂದಿತು. "ಇವನು ನನ್ನ ಮಗ, ಕತ್ತೆ!" ಎಂದಳು ಅಮ್ಮ. ಅಕ್ಕ ನಿಧಾನಕ್ಕೆ ತೆರೆದಾಗ ಬಾಗಿಲು ಉದ್ದಕ್ಕೆ ರಾಗ ಎಳೆಯಿತು. "ಮಗಳು." ಆಮೇಲೆ ಭಾವ ಬಂದರು. ಅರ್ಧ ತೆರೆದು, ಯಾಕೋ ಒಂದು ಗಳಿಗೆ ತಡೆದು, ಮತ್ತೆ ತೆರೆದರು.

"ಬಂದ್ರಾ ಅಳಿಯಂದಿರೇ?" ಎಂದಳು ಅಮ್ಮ.

"ಬಂದೆ ಅತ್ತೆ."

ಮೈಸೂರಿನ ಮಾತು ಅಮ್ಮನ ಬಾಯಲ್ಲಿ ಮತ್ತೆ ಬರಲಿಲ್ಲ. ಆ ಭಾನುವಾರ ಭಾವ ಪೇಪರ್ ತರಲೆಂದು ಹೊರಗೆ ಹೋದರು, ಬಂದರು. ಬೆಂಕಿಪೊಟ್ಟಣ ತರಲೆಂದು ಹೋದರು, ಬಂದರು. ಆಮೇಲೆ ಏನೂ ತರುವುದಿಲ್ಲದಿದ್ದರೂ ಹೋಗಿ ಬಂದರು. ಪ್ರತಿ ಸಲವೂ ಒಳಗಿನಿಂದ ಅಮ್ಮ "ಬಂದ್ರಾ?" ಎನ್ನುವವರೆಗೆ ಹೊಸ್ತಿಲಲ್ಲೇ ನಿಂತಿರುತ್ತಿದ್ದರು.