ಕರವಸ್ತ್ರದ ಹಿಂದಿನ ಮುಳ್ಳು

ನನ್ನ ಸೋದರಮಾವ ಮನುಷ್ಯರನ್ನು ತೂಗಿ ನೋಡಿಯೇ ಹತ್ತಿರ ಸೇರಿಸುತ್ತಿದ್ದ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತೂಗುತ್ತಿದ್ದ! ಕಂಪ್ಲಿಯಲ್ಲಿ ಅವನದು ಅಕ್ಕಿ ಗಿರಣಿ. ತನ್ನ ಕಾರು ಹತ್ತಲು ಬಂದವರನ್ನು ಮೊದಲು ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸುತ್ತಿದ್ದ. "ನಿಮ್ಮನ್ನ ಕುಂದರ್ಸಿಕೊಂಡ್ರ ಗಾಡಿ ಕಮಲಾಪುರದಾಗ ನಿಲ್ತೈತಿ. ಬಸ್ಸಿಗೆ ಬರ್ರಿ," ಎಂದು ಮುಖದ ಮೇಲೆಯೇ ಹೇಳುತ್ತಿದ್ದ. ನಮ್ಮ ಅತ್ತೆಯ ಅಕ್ಕ ಈ ಮಾತು ಕೇಳಿ ಒಂದು ಹೊತ್ತಿನ ಊಟ ಬಿಟ್ಟಳು, ಪಾಪ.

ಅದು ಅದಿರಿನ ಕಾಲ. ಸಂಡೂರಿನಿಂದ ಹೊಸಪೇಟೆಯವರೆಗೆ ರಸ್ತೆ, ಗಿಡ, ಮುದುಕರ ಧೋತರ ಎಲ್ಲವೂ ಅದರ ದೂಳಿಗೆ ಕೆಂಪು. ಊರಿಗೆ ಊರೇ ಲಾರಿ ಕೊಳ್ಳುತ್ತಿದ್ದಾಗ ಮಾವ ಬೆಂಗಳೂರಿನಿಂದ ಒಂದು ಪುಟ್ಟ ಕರೆಂಟಿನ ಕಾರು ತರಿಸಿದ. ಗಿರಣಿಗೇ ಸರಿಯಾಗಿ ಕರೆಂಟು ಸಿಗದ ಊರಿನಲ್ಲಿ ಕರೆಂಟಿನ ಕಾರು! ರಾತ್ರಿಯಿಡೀ ಚಾರ್ಜ್ ಮಾಡಿದರೆ ಹೊಸಪೇಟೆಗೆ ಹೋಗಿ ಬರಬಹುದು ಎಂದು ಮಾರಿದವರು ಹೇಳಿದ್ದರು. ಅವರ ಲೆಕ್ಕದಲ್ಲಿ ನಮ್ಮ ಏರು, ನಮ್ಮ ಗುಂಡಿ, ನಮ್ಮ ನೆಂಟರು ಇರಲಿಲ್ಲ. ಹಾಗಾಗಿ ಮಾವ ಫ್ಯಾನ್ ಹಾಕುತ್ತಿರಲಿಲ್ಲ, ರೇಡಿಯೊ ಮುಟ್ಟಗೊಡುತ್ತಿರಲಿಲ್ಲ. ಎಮ್ಮೆ ಅಡ್ಡ ಬಂದರೆ ಕತ್ತು ಹೊರಗೆ ಹಾಕಿ ತಾನೇ ಕೂಗುತ್ತಿದ್ದ. ಚಾರ್ಜ್ ತೋರಿಸುವ ಮುಳ್ಳಿಗಂತೂ ಒಂದು ಕರವಸ್ತ್ರ ಇಳಿಬಿಟ್ಟಿದ್ದ. "ನೋಡಿದಷ್ಟೂ ಇಳೀತೈತಿ ಅದು," ಎನ್ನುತ್ತಿದ್ದ. ಅಂಚು ಎತ್ತಿ ಇಣುಕುವ ಹಕ್ಕು ಅವನೊಬ್ಬನದೇ.

ಹೊಸಪೇಟೆಯಲ್ಲಿದ್ದ ನನ್ನ ಅಪ್ಪ ಅದೇ ವರ್ಷ ಅದಿರು ಹೊರುವ ಲಾರಿ ಕೊಂಡ. ಪೂಜೆಯ ದಿನ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ ಮಾವ ಬಾಯಿ ಬಿಟ್ಟ.

"ಭಾವ, ಇದು ಸ್ಟಾರ್ಟ್ ಆಗೂದ್ರಾಗ ಕುಡಿಯೋ ಡೀಸೆಲ್ಲಿನ ರೊಕ್ಕದಾಗ ನಾ ಹಂಪಿಗೆ ಹೋಗಿ ಬರ್ತೀನಿ."

"ಹೋಗಬೌದು. ಬರೂದು ವಿರೂಪಾಕ್ಷನ ಕೈಯಾಗ ಐತಿ," ಎಂದ ಅಪ್ಪ.

ಬಂದವರೆಲ್ಲ ನಕ್ಕರು. ಮಾವನಿಗೆ ಸಿಟ್ಟು ನೆತ್ತಿಗೇರಿತು. "ಈ ಲಾರಿ ಅದಿರು ಹೊರಾಂಗಿಲ್ಲ, ನಿಮ್ಮ ಮನೀನ ಹೊತ್ಕೊಂಡು ಹೋಗ್ತೈತಿ," ಎಂದುಬಿಟ್ಟ. ಪೂಜೆಯ ಮುಂದೆ ಆಡುವ ಮಾತೇ ಅದು? ಅಪ್ಪ ಮೆಲ್ಲಗೆ, "ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ," ಎಂದ.

ನಮ್ಮ ಕಡೆ ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಎರಡು ಪಂಚಮಿ ಕಳೆದವು, ಅವ್ವನನ್ನು ಕರೆಯಲು ಯಾರೂ ಬರಲಿಲ್ಲ. ಅವ್ವ ಉಂಡಿ ಕಟ್ಟುತ್ತಿದ್ದಳು, ಬಾಗಿಲ ಕಡೆ ನೋಡುತ್ತಿದ್ದಳು. ಮೂರನೆಯ ವರ್ಷವೂ ಹೀಗೇ ಆದರೆ ತವರಿನ ದಾರಿ ಮುಚ್ಚಿಯೇ ಹೋಯಿತು ಎಂದು ನನಗೆ ಹೆದರಿಕೆ.

ನಾನಾಗ ಕಂಪ್ಲಿಯ ಶಾಲೆಯಲ್ಲಿ ಟೀಚರ್, ಇದ್ದದ್ದು ಮಾವನ ಮನೆಯಲ್ಲೇ. ನಾನು ಮನೆಗೆ ಹೊರಟಾಗ ಅವನು ನಮ್ಮ ಓಣಿಗೆ ಬಾರದೆ ನನ್ನನ್ನು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹಿಂದಿರುಗುತ್ತಿದ್ದ. ಮೂರನೆಯ ಪಂಚಮಿಯ ಮುನ್ನಾದಿನ ನನ್ನನ್ನು ತೂಗಲಿಲ್ಲ. ಹಿಂದಿನ ಸೀಟಿನಲ್ಲಿ ಆಗಲೇ ಅಕ್ಕಿಯ ಚೀಲವೊಂದು ಕೂತಿತ್ತು, ಅದರ ಮೇಲೊಂದು ಸೀರೆ. ನಾನು ಮುಂದೆ ಹತ್ತಿ ಕೂತೆ.

ರಾಮಸಾಗರ ದಾಟುವಾಗ ಮಳೆ ಹಿಡಿಯಿತು. ಮಾವ ವೈಪರ್ ಹಾಕಲಿಲ್ಲ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದವು, ಮುಂದೆ ಏನೂ ಕಾಣದು. ಕರವಸ್ತ್ರ ಎತ್ತಿ ನೋಡಿದ, ಬೆವರಿದ.

"ಎಷ್ಟೈತಿ ಮಾವ?"

"ಸುಮ್ಕ ಕುಂದ್ರು."

ಕಮಲಾಪುರದ ಏರಿನಲ್ಲಿ ನಾನು ಉಸಿರು ಬಿಗಿಹಿಡಿದೆ, ಅದರಿಂದ ತೂಕ ಕಡಿಮೆಯಾಗುವಂತೆ. ಬಸ್‌ಸ್ಟ್ಯಾಂಡ್ ಬಂತು, ಹೋಯಿತು. ಕಾರು ನಮ್ಮ ಓಣಿಗೆ ತಿರುಗಿತು. ನಮ್ಮ ಗೇಟಿನ ಎದುರು ನಿಂತೇಬಿಟ್ಟಿತು.

ಅಪ್ಪ ಹೊರಬಂದ. ಅವ್ವ ಬಾಗಿಲಲ್ಲೇ ನಿಂತಳು. ಮಾವ ಇಳಿದು, ಹೊಸ್ತಿಲಿನಿಂದ ಮಾರು ದೂರದಲ್ಲಿ ಮಳೆಗೆ ತಲೆಯೊಡ್ಡಿ ನಿಂತ.

"ಚಾರ್ಜ್ ತೀರೇತ್ರೀ ಭಾವ."

ಅಪ್ಪ ಮಳೆಗೆ ಇಳಿದ. ಒಳಗೆ ಬನ್ನಿ ಎನ್ನುತ್ತಾನೋ, ಹೊರಟು ಹೋಗಿ ಎನ್ನುತ್ತಾನೋ! ಅವನು ನೇರ ಕಾರಿನ ಹತ್ತಿರ ಬಂದು, "ವೈರ್ ಎಲ್ಲೈತಿ?" ಎಂದು ನನ್ನನ್ನು ಕೇಳಿದ. ನಾನು ಬಗ್ಗಿ ಅದನ್ನು ಸೀಟಿನ ಕೆಳಗಿಂದ ಎಳೆಯುವಾಗ ಮೊಣಕೈ ತಾಕಿ ಕರವಸ್ತ್ರ ಜಾರಿತು. ಮುಳ್ಳು ಅರ್ಧಕ್ಕಿಂತ ಮೇಲಿತ್ತು.

ನನ್ನ ಹೆಗಲ ಹಿಂದಿನಿಂದ ಅಪ್ಪನೂ ನೋಡಿದ. ಆಮೇಲೆ ಕೈ ಚಾಚಿ ಚಾವಿ ತಿರುಗಿಸಿ ಕಾರು ಬಂದ್ ಮಾಡಿದ. ಮುಳ್ಳು ಕೆಳಗೆ ಬಿತ್ತು.

"ಪೂರಾ ಖಾಲಿ ಆಗೈತಿ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. "ರಾತ್ರಿಯೆಲ್ಲಾ ಹಚ್ಚಬೇಕು. ಒಳಗ ಬರ್ರಿ, ತೋಯ್ಸಿಕೋಬ್ಯಾಡ್ರಿ." ಫ್ರಿಜ್ಜಿನ ಪ್ಲಗ್ ಕಿತ್ತು ಕಾರಿನದನ್ನು ತಾನೇ ಸಿಕ್ಕಿಸಿದ.

ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು ಕಾರಿನ ಬಳಿ ಅಳುಕುತ್ತ ನಿಂತಳು.

"ಯಣ್ಣಾ, ನಾ ಭಾಳ ದಪ್ಪ ಆಗೀನಿ. ತೂಗಬೇಕೇನು?"

ಮಾವ ಬಾಗಿಲು ತೆರೆದು ಹಿಡಿದಿದ್ದ.

"ನೀ ಕುಂದ್ರವ್ವಾ," ಎಂದ. ಆಮೇಲೆ ನನ್ನ ಕಡೆ ಕೈ ತೋರಿಸಿದ. "ಈಕಿ ಬಸ್ಸಿಗೆ ಬರ್ತಾಳ."